ಲಿಫ್ಟಿನ ಕಾರ್ಡಿನಲ್ಲಿ ಎರಡಕ್ಷರ

ಸಹಿಗೆಂದು ಕಡತ ಹಿಡಿದು ನಾಲ್ಕನೇ ಮಹಡಿಯ ಬೆಂಚಿನಲ್ಲಿ ಕೂತಿದ್ದ ಟೈಪಿಸ್ಟಮ್ಮನಿಗೆ, ಬೇಡವೆಂದರೂ, ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ಹೋದ ವಾರ ಬೇರೊಂದು ಕಟ್ಟಡದಲ್ಲಿ ಕುಸಿದುಬಿದ್ದ ಲಿಫ್ಟಿನ ಮೆಕ್ಯಾನಿಕ್ಕು, ಜೊತೆಗೆ ಅವನ ಹೆಂಡತಿ. ವಿಚಾರಣೆಗೆ ಬಂದಿದ್ದರು.

“ತಿಂಗಳ ತಪಾಸಣೆ ಕಾರ್ಡಲ್ಲಿ ಓಕೆ ಅಂದ್ರೇನು ಅಂತ ಸಾಹೇಬ್ರು ಕೇಳಿದ್ರೆ?”

“ಎಲ್ಲಾ ನೋಡಿದೀನಿ, ಸರಿಯಾಗಿದೆ ಅಂತ.”

“ನೋಡಿದ್ರಾ?”

“ಎಲ್ಲಿ ನೋಡ್ದೆ? ಹನ್ನೆರಡು ತಿಂಗಳಿಗೂ ಜನವರೀಲೇ ಓಕೆ ಬರೆದುಬಿಟ್ಟಿದ್ದೆ.”

“ಯಾರು ಹೇಳ್ಕೊಟ್ರು ರೀ ಹಾಗೆ?”

“ನಮ್ಮ ಮೇಸ್ತ್ರಿ. ಅವರಿಗೆ ಬರ್ತಿದ್ದ ಇಂಗ್ಲಿಷೇ ಅಷ್ಟು. ಎಲ್ಲರೂ ಹಾಗೇ ಬರೆಯೋದು ಕಣೇ.”

“ಲಿಫ್ಟಲ್ಲಿದ್ದ ಆ ಹುಡುಗಿ ಕಾಲು?”

“ತೆಗೆದರಂತೆ.”

ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಜವಾನ ಬಾಗಿಲಲ್ಲಿ ತಲೆ ಹಾಕಿ, “ಸಾಹೇಬ್ರು ಇವತ್ತು ಬರಲ್ಲ, ನಾಳೆ ಬನ್ನಿ” ಎಂದ. ಹೆಂಡತಿ ಎದ್ದುಹೋಗಿ ಲಿಫ್ಟಿನ ಗುಂಡಿ ಒತ್ತಿದಳು.

“ಬೇಡ. ಮೆಟ್ಟಿಲಲ್ಲಿ ಇಳಿಯೋಣ.”

“ನನ್ನ ಮಂಡಿನೋವು ಗೊತ್ತಲ್ಲ. ಇದು ನಿಮ್ಮ ಕೈಕೆಳಗಿನ ಲಿಫ್ಟ್ ಅಲ್ವಲ್ಲ?”

“ಅಲ್ಲ. ಬರ್ತಾ ಒಳಗಿನ ಕಾರ್ಡ್ ನೋಡ್ದೆ. ಈಗಿನ್ನೂ ಜೂನು. ಡಿಸೆಂಬರ್‌ವರೆಗೂ ಓಕೆ ಅಂತಿದೆ.”

ಅವಳು ಅವನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಲಿಫ್ಟು ಬಂದು ಬಾಗಿಲು ತೆರೆಯಿತು. ಟೈಪಿಸ್ಟಮ್ಮ ಅಲುಗಾಡದೆ ನೋಡುತ್ತ ಕೂತಳು, ಅದು ಮುಚ್ಚಿಕೊಳ್ಳುವವರೆಗೆ.