ಒರೆಸಿದ ಬಾಣಗಳ ಕುರಿತು ಟೈಲರಕ್ಕನ ಹೇಳಿಕೆ

ವಯಸ್ಸು 54 ವರ್ಷ, ಉದ್ಯೋಗ ಹೊಲಿಗೆ, ವಾಸ ಹಳೆಯ ಅಂಚೆ ಕಚೇರಿಯ ಎದುರಿನ ಓಣಿಯ ಮೂರನೇ ಕಟ್ಟಡ, ಕೆಳಗೆ ಅಂಗಡಿ, ಮೇಲೆ ಮನೆ. ನನ್ನ ಹೆಸರನ್ನು ಪೇದೆಯವರು ಮೊದಲ ಸಾಲಿನಲ್ಲೇ ಬರೆದುಕೊಂಡಿದ್ದಾರೆ. ಆದರೆ ಆ ಹೆಸರು ಹೇಳಿದರೆ ಓಣಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಟೈಲರಕ್ಕ ಎಂದು ಕೇಳಬೇಕು. ಇಂದು ಭಾನುವಾರ ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಒಡಹುಟ್ಟಿದ ಅಣ್ಣ, ವಯಸ್ಸು 63, ನಿವೃತ್ತ ಶಾಲಾ ಶಿಕ್ಷಕ, 33 ವರ್ಷ ಇತಿಹಾಸ ಪಾಠ ಹೇಳಿದವನು. ಎಂಟು ತಿಂಗಳ ಹಿಂದೆ ಅವನಿಗೆ ಪಾರ್ಶ್ವವಾಯು ತಗುಲಿತು. ಕೈಕಾಲು ಸರಿಹೋದವು, ಮಾತು ಮರಳಲಿಲ್ಲ. ಬರೆಯಲೂ ಆಗುವುದಿಲ್ಲ, ಎಡ ಬಲ ಎಂದರೆ ಗಲಿಬಿಲಿಗೊಳ್ಳುತ್ತಾನೆ. ಸೈಕಲ್ ಮಾತ್ರ ಮೊದಲಿನ ಹಾಗೆಯೇ ತುಳಿಯುತ್ತಾನೆ. ಇಂದು ಬೆಳಿಗ್ಗೆ ಅವನ ಮಗಳು ತಂದೆ ಕಾಣೆಯಾಗಿದ್ದಾರೆಂದು ದೂರು ಕೊಟ್ಟಿದ್ದಾಳೆ. ಸಿಕ್ಕಿದ ಮೇಲೆ ಅವರ ಸೈಕಲ್ಲನ್ನು ಠಾಣೆಯಲ್ಲೇ ಇಟ್ಟುಕೊಳ್ಳಬೇಕೆಂದೂ ಕೋರಿದ್ದಾಳೆ. ಅವಳು ಆಸ್ಪತ್ರೆಯಲ್ಲಿ ನರ್ಸ್. ಅವಳ ಹೆದರಿಕೆ ಸುಳ್ಳಲ್ಲ. ಆದರೆ ಸೈಕಲ್ಲನ್ನೂ ಕಿತ್ತುಕೊಂಡರೆ ಅಣ್ಣನ ಹತ್ತಿರ ಇನ್ನೇನೂ ಉಳಿಯುವುದಿಲ್ಲ. ಆದ್ದರಿಂದ ತಪ್ಪು ಯಾರದೆಂದು ಹೇಳಲು ನಾನೇ ಬಂದಿದ್ದೇನೆ.

ನಾವು ಒಂಬತ್ತು ಜನ ತಿಂಗಳಿಗೊಂದು ಭಾನುವಾರ ಸುತ್ತಲಿನ ಹಳೆಯ ಹಳ್ಳಿದಾರಿಗಳಲ್ಲಿ ಸೈಕಲ್ ಸವಾರಿ ಹೋಗುತ್ತೇವೆ. ಹಳೆಯ ಕಾವಲು ಗೋಪುರ, ಮೈಲಿಗಲ್ಲು, ಪಾಳುಬಿದ್ದ ಗಿರಣಿ, ಇವನ್ನೆಲ್ಲ ಪೋಣಿಸಿ ದಾರಿ ಮಾಡಿದವನು ಅಣ್ಣ. ಮೊದಲೆಲ್ಲ ಗೋಪುರದ ಕಥೆ ಶುರುಮಾಡಿದರೆ ಫ್ಲಾಸ್ಕಿನ ಚಹಾ ಆರಿಹೋಗುವವರೆಗೆ ಬಿಡುತ್ತಿರಲಿಲ್ಲ. ತಲೆ ತಿನ್ನುತ್ತಾನೆ ಎಂದು ಬೈದುಕೊಂಡವರಲ್ಲಿ ನಾನೂ ಒಬ್ಬಳು. ಈಗ ಆ ಕಥೆಯನ್ನು ಇನ್ನೊಮ್ಮೆ ಕೇಳಲು ಏನು ಬೇಕಾದರೂ ಕೊಟ್ಟೇನು. ಇದನ್ನು ಬರೆಯಬೇಕಾಗಿಲ್ಲ ಎಂದು ಪೇದೆಯವರು ತಿಳಿಸಿದರು. ಬರೆಯಿರಿ ಎಂದು ನಾನು ಕೇಳಿಕೊಂಡೆನು.

ಸವಾರಿಯ ಹಿಂದಿನ ದಿನ ಶನಿವಾರ ಅಣ್ಣನೂ ನಾನೂ ಹೋಗಿ, ಪ್ರತಿ ತಿರುವಿನಲ್ಲಿ ರಸ್ತೆಯ ಮೇಲೆ ಬಿಳಿ ಸೀಮೆಸುಣ್ಣದಿಂದ ಬಾಣದ ಗುರುತು ಹಾಕುತ್ತೇವೆ. ಭಾನುವಾರ ಎಲ್ಲರಿಗಿಂತ ಕೊನೆಯಲ್ಲಿ ಬರುವ ನಾನು ಒದ್ದೆ ಬಟ್ಟೆಯಿಂದ ಅವನ್ನು ಒರೆಸುತ್ತೇನೆ. ಹಿಂದೊಮ್ಮೆ ನಮ್ಮ ಹಳೆಯ ಬಾಣ ನಂಬಿ ಬಂದ ಬೇರೆ ಊರಿನವರು ಯಾರದೋ ಕೋಳಿಗೂಡಿನೊಳಗೆ ನುಗ್ಗಿದ್ದರು. ಅಂದಿನಿಂದ ದಾರಿಯನ್ನು ಇದ್ದ ಹಾಗೆಯೇ ಬಿಟ್ಟುಬರಬೇಕೆಂದು ಅಣ್ಣನೇ ನಿಯಮ ಮಾಡಿದನು.

ಇಂದು ಬೆಳಿಗ್ಗೆ 6 ಗಂಟೆಗೆ ಹೊರಟೆವು. ಒಟ್ಟು ದಾರಿ 38 ಕಿಲೋಮೀಟರ್. 7 ಗಂಟೆ 25ಕ್ಕೆ 17ನೇ ಕಿಲೋಮೀಟರಿನಲ್ಲಿರುವ ಕಾವಲು ಗೋಪುರ ತಲುಪಿ 15 ನಿಮಿಷ ನಿಂತೆವು. ಹೊರಡುವ ಮುಂಚೆ ಎಣಿಕೆ ಕೂಗುವುದು ನಮ್ಮ ಪದ್ಧತಿ. ಒಂದು ಅಣ್ಣನದು, ಎರಡು ಬೇಕರಿಯವನದು, ಹೀಗೆ ಒಂಬತ್ತು ನನ್ನದು. ಮಾತು ಹೋದ ಮೇಲೆ ಅಣ್ಣ ಒಂದು ಎನ್ನುವ ಬದಲು ಸೈಕಲ್ಲಿನ ಗಂಟೆ ಬಾರಿಸುತ್ತಾನೆ. ಇಂದೂ ಗಂಟೆ ಕೇಳಿಸಿತು. ಎರಡು, ಮೂರು ಎಂದು ಕೂಗಿದೆವು, ಹೊರಟೆವು. ಅದೇ ಹೊತ್ತಿಗೆ ಹಾಲಿನವನ ಸೈಕಲ್ ರಸ್ತೆಯಲ್ಲಿ ಹಾದುಹೋಯಿತು. ಕೇಳಿಸಿದ್ದು ಅವನ ಗಂಟೆ ಎಂದು ಆಮೇಲೆ ಹೊಳೆಯಿತು. ನಾನು ತಲೆಯೆತ್ತಿ ನೋಡಲಿಲ್ಲ, ಬಟ್ಟೆ ಹಿಂಡುತ್ತಿದ್ದೆನು.

ಅಣ್ಣ ಆಗ ಗೋಪುರದ ಹಿಂದೆ ಇದ್ದನು. ಕಲ್ಲುಕುಟಿಗರು ಕೊರೆದ ಹಳೆಯ ಗುರುತೊಂದರ ಮೇಲಿನ ಪಾಚಿಯನ್ನು ಕೆರೆಯುತ್ತಿದ್ದನೆಂದು ಅವನ ಉಗುರು ನೋಡಿ ಆಮೇಲೆ ತಿಳಿಯಿತು. ಗೋಪುರದಿಂದ 900 ಮೀಟರ್ ಮುಂದೆ ನಾಲ್ಕು ದಾರಿ ಕೂಡುವಲ್ಲಿ ನಾನು ಬಾಣ ಒರೆಸಿದೆನು. ಮುಂದಿನದನ್ನೂ ಒರೆಸಿದೆನು. ಒಟ್ಟು ಹನ್ನೊಂದು. ಹಿಂದೆ ಬರುತ್ತಿದ್ದವನಿಗೆ ಅದೊಂದೇ ಆಸರೆಯಾಗಿತ್ತು. ಅದನ್ನು ನನ್ನ ಕೈಯಾರೆ ಒರೆಸಿದೆನು.

9 ಗಂಟೆ 20ಕ್ಕೆ ಸವಾರಿ ಮುಗಿಸಿ ಬೇಕರಿಯ ಮುಂದೆ ಇಳಿದಾಗ ಅಣ್ಣನ ಸೈಕಲ್ ಇರಲಿಲ್ಲ. ಅವನು ಬೇಕರಿಯವನ ಜೊತೆ ಮುಂದಿದ್ದಾನೆಂದು ನಾನು ತಿಳಿದಿದ್ದೆ. ತಂಗಿ ಜೊತೆ ಹಿಂದೆ ಬರ್ತಿದ್ದಾರೆ ಅಂದ್ಕೊಂಡೆ ಎಂದು ಬೇಕರಿಯವನು ಹೇಳಿದನು. 9 ಗಂಟೆ 28ಕ್ಕೆ ಅಣ್ಣನ ಮಗಳಿಗೆ ಫೋನ್ ಮಾಡಿದೆನು. ಅತ್ತೆ, ಮಾತೇ ಬರದವರನ್ನ ರಸ್ತೇಲಿ ಬಿಟ್ಟು ಬಂದ್ರಾ, ಯಾರನ್ನ ಹೇಗೆ ದಾರಿ ಕೇಳ್ತಾರೆ ಅವರು ಎಂದಳು. ಅವಳು ಠಾಣೆಗೆ ಬಂದಳು. ನಾನು ಗೋಪುರಕ್ಕೆ ನೇರ ರಸ್ತೆಯಲ್ಲಿ 13 ಕಿಲೋಮೀಟರ್ ವಾಪಸು ಹೋದೆನು.

10 ಗಂಟೆ 20ಕ್ಕೆ ಗೋಪುರದ ಸುತ್ತ ಹುಡುಕಿದೆನು, ಇರಲಿಲ್ಲ. 10 ಗಂಟೆ 30ಕ್ಕೆ ನಾಲ್ಕು ದಾರಿ ಕೂಡುವಲ್ಲಿಗೆ ಬಂದಾಗ ನೆಲದ ಮೇಲೆ ಒಂದು ಬಾಣ ಕಂಡಿತು. ಒರೆಸದೆ ಬಿಟ್ಟಿದ್ದೇನೆಂದು ಅಭ್ಯಾಸಬಲದಿಂದ ಬಟ್ಟೆ ತೆಗೆದು ಬಗ್ಗಿದೆನು. ಆಗ ನೋಡಿದರೆ ಬಾಣ ನಮ್ಮ ದಾರಿಯತ್ತ ಇರಲಿಲ್ಲ, ಬಲಗಡೆಯ ಹಳೆಯ ಸೇತುವೆಯ ದಾರಿಯತ್ತ ಇತ್ತು. ಬಿಳಿಯೂ ಅಲ್ಲ, ನೀಲಿ. ಅದು ಬಟ್ಟೆಗೆ ಗುರುತು ಹಾಕುವ ನನ್ನ ಚಾಕ್. ನಾಲ್ಕು ದಿನದಿಂದ ಅದನ್ನು ಹುಡುಕಿ ಅಂಗಡಿಯನ್ನೆಲ್ಲ ತಲೆಕೆಳಗು ಮಾಡಿದ್ದೆ, ಕೆಲಸದ ಹುಡುಗಿಯನ್ನು ಸುಮ್ಮಸುಮ್ಮನೆ ಬೈದಿದ್ದೆ. ಅಣ್ಣನ ಜೇಬಿನಲ್ಲಿತ್ತು. ನಾನು ರಸ್ತೆಯ ನಡುವೆ ಕುಳಿತು ಅತ್ತೆನು. ಸುಮಾರು ಎರಡು ನಿಮಿಷ.

ಆ ದಾರಿಯಲ್ಲಿ ಪ್ರತಿ ತಿರುವಿನಲ್ಲೂ ನೀಲಿ ಬಾಣವಿತ್ತು. ಮೊದಲನೆಯದು ಒಂದು ಮೊಳ ಉದ್ದ. ಚಾಕ್ ಸವೆದಂತೆ ಬಾಣ ಚಿಕ್ಕದಾಗುತ್ತ ಹೋಗಿ, ಏಳನೆಯದು ನನ್ನ ಹೆಬ್ಬೆರಳಿನಷ್ಟಿತ್ತು. ಅಳತೆಯ ವಿಷಯದಲ್ಲಿ ನನ್ನನ್ನು ನಂಬಬಹುದು. ಅಲ್ಲಿಂದ ಅಣ್ಣನ ಮಗಳಿಗೆ ಫೋನ್ ಮಾಡಿ, ನಾಲ್ಕು ದಾರಿಯಿಂದ ನೀಲಿ ಬಾಣ ಹಿಡಿದು ಬಾ ಎಂದೆನು.

ನಾಲ್ಕು ದಾರಿಯಿಂದ 9.6 ಕಿಲೋಮೀಟರ್ ದೂರದಲ್ಲಿ ಹಳೆಯ ಕಲ್ಲಿನ ಸೇತುವೆಯಿದೆ. ಅದರ ನಡುವಿನ ಕಮಾನು ಬಿದ್ದು ವರ್ಷಗಳಾಗಿವೆ, ಮುಂದೆ ದಾರಿಯಿಲ್ಲ. 11 ಗಂಟೆ 25ಕ್ಕೆ ನಾನು ಅಲ್ಲಿಗೆ ತಲುಪಿದೆನು. ಅಣ್ಣ ತನ್ನ ಸೈಕಲ್ಲನ್ನು ರಸ್ತೆಗೆ ಅಡ್ಡಲಾಗಿ ಮಲಗಿಸಿದ್ದನು. ತಾನು ಅದರ ಈಚೆಗೆ, ನಾವು ಬರಬೇಕಾದ ದಿಕ್ಕಿಗೆ ಮುಖ ಮಾಡಿ ಬಿಸಿಲಲ್ಲೇ ಕುಳಿತಿದ್ದನು. ನನ್ನನ್ನು ನೋಡಿ ಎದ್ದು ಕೈಗಡಿಯಾರದ ಮೇಲೆ ಬೆರಳಿಟ್ಟು, ಲೇಟು ಎಂದನು. ಎಂಟು ತಿಂಗಳಲ್ಲಿ ಅವನ ಬಾಯಿಂದ ಸ್ಪಷ್ಟವಾಗಿ ಬಂದ ಮೊದಲ ಮಾತು ಅದು. ಅದೂ ಬೈಗುಳ.

ಆಮೇಲೆ ಅವನು ಕೈಸನ್ನೆಯಲ್ಲಿ ತಿಳಿಸಿದ್ದು ಹೀಗಿದೆ. ನಾಲ್ಕು ದಾರಿಯಲ್ಲಿ ಬಾಣ ಕಾಣಲಿಲ್ಲ. ಶನಿವಾರ ಹಾಕಲು ತಾನೇ ಮರೆತಿದ್ದೇನೆ ಎಂದುಕೊಂಡನು. ಎಂದಿನಂತೆ ತಾನೇ ಮುಂದಿದ್ದೇನೆ, ಬಾಣವಿಲ್ಲದೆ ಹಿಂದೆ ಬರುವವರು ದಾರಿ ತಪ್ಪುತ್ತಾರೆಂದು, ಎಡ ಬಲ ತಿಳಿಯದೆ ಹಿಡಿದ ದಾರಿಯಲ್ಲೇ ಬೇಗ ಬೇಗ ಹಾಕುತ್ತ ಹೋದನು. ಸೇತುವೆ ಮುರಿದಿರುವುದನ್ನು ಕಂಡು, ಯಾರೂ ಬೀಳಬಾರದೆಂದು ಸೈಕಲ್ ಅಡ್ಡ ಹಾಕಿ ಕಾದನು. ಬೆರಳೆಣಿಸಿ ಉಳಿದವರೆಲ್ಲಿ ಎಂದು ಕೇಳಿದನು. ಎಲ್ಲರೂ ಕ್ಷೇಮವಾಗಿ ಮುಟ್ಟಿದ್ದಾರೆ ಎಂದೆನು. ಆಗ ಅವನು ಉಸಿರು ಬಿಟ್ಟು ನೀರು ಕೇಳಿದನು.

11 ಗಂಟೆ 50ಕ್ಕೆ ಠಾಣೆಯ ಜೀಪಿನಲ್ಲಿ ಅಣ್ಣನ ಮಗಳು ಬಂದಳು. ಸೈಕಲ್ಲನ್ನು ಜೀಪಿನ ಹಿಂದೆ ಹಾಕಲು ಹಗ್ಗವನ್ನೂ ತಂದಿದ್ದಳು. ನಡೆದದ್ದನ್ನು ನಾನು ಹೇಳಿದೆನು. ಅಡ್ಡ ಬಿದ್ದಿದ್ದ ಸೈಕಲ್ಲನ್ನೂ ಅದರಾಚೆಯ ಕಂದಕವನ್ನೂ ಅವಳು ಬಹಳ ಹೊತ್ತು ನೋಡಿದಳು. ಅಪ್ಪಾ, ನೀನು ಕಳೆದುಹೋಗಿದ್ದೀಯ ಅಂತ ನಾವು ಹುಡುಕ್ತಿದ್ರೆ ನೀನು ನಮ್ಮನ್ನ ಕಾಯ್ತಾ ಕೂತಿದ್ದೀಯಲ್ಲ ಎಂದು ಅವನ ತಲೆಗೆ ತನ್ನ ದುಪಟ್ಟಾ ಸುತ್ತಿದಳು. ನಾಡಿ ನೋಡಿದಳು. ಹಗ್ಗವನ್ನು ಜೀಪಿನ ಸೀಟಿನ ಕೆಳಗೆ ತಳ್ಳಿದಳು.

ಅರ್ಧ ಗಂಟೆ ನೆರಳಿನಲ್ಲಿ ಕೂರಿಸಿದ ಮೇಲೆ 12 ಗಂಟೆ 20ಕ್ಕೆ ಅಣ್ಣ ಸೈಕಲ್ ಹತ್ತಿ ಗಂಟೆ ಬಾರಿಸಿದನು. ಈ ಸಲ ನಾನು ತಲೆಯೆತ್ತಿ ಅವನ ಕೈಯನ್ನೇ ನೋಡಿದೆನು. ಎರಡು ಎಂದೆನು. ಬಳಿಕ ಜೀಪಿನಿಂದ ಅಣ್ಣನ ಮಗಳು ಮೂರು ಎಂದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜೀಪ್ ಚಾಲಕರು ನಾಲ್ಕು ಎಂದರು. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಬರುವಾಗ ಕೊನೆಯಲ್ಲಿದ್ದದ್ದು ಜೀಪ್. ಆದ್ದರಿಂದ ಏಳು ಬಾಣಗಳನ್ನೂ ಅಣ್ಣನ ಮಗಳೇ ಇಳಿದಿಳಿದು ಒರೆಸಿದಳು. ಪ್ರತಿ ಸಲವೂ ಮುಂದೆ ಅಪ್ಪ ಇದ್ದಾನೆಯೇ ಎಂದು ನೋಡಿಕೊಂಡೇ ಬಟ್ಟೆ ಮುಟ್ಟಿಸುತ್ತಿದ್ದಳು.

ಅಣ್ಣ ದಾರಿ ತಪ್ಪಲಿಲ್ಲ, ದಾರಿಯನ್ನು ಒರೆಸಿದವಳು ನಾನು. ರಸ್ತೆಯ ಮೇಲೆ ಗೀಚುವುದು ಅಪರಾಧವಾದರೆ ಚಾಕ್ ನನ್ನದು, ನನ್ನ ಮೇಲೆ ಬರೆದುಕೊಳ್ಳಿ. ಅಣ್ಣನ ಮಗಳು ದೂರನ್ನು ಹಿಂಪಡೆದಿದ್ದಾಳೆ. ಅವಳ ಷರತ್ತು ಒಂದೇ. ಮುಂದಿನ ಸವಾರಿಯಿಂದ ಎಣಿಕೆ ಹತ್ತರವರೆಗೆ ಹೋಗಬೇಕು, ಹತ್ತು ಅವಳದು.

ಉಗುರಿನಷ್ಟು ಉಳಿದ ನೀಲಿ ಚಾಕ್ ತುಂಡನ್ನು ಈ ಹೇಳಿಕೆಯೊಂದಿಗೆ ಹಾಜರುಪಡಿಸಿದ್ದೇನೆ. ಕೆಲಸ ಮುಗಿದ ಮೇಲೆ ಅದನ್ನು ದಯವಿಟ್ಟು ಮರಳಿಸಬೇಕು. ಅಂಗಡಿಗೆ ನಾನು ಬೇರೆ ತಂದುಕೊಳ್ಳುತ್ತೇನೆ. ಇದು ಅಣ್ಣನ ಜೇಬಿನಲ್ಲೇ ಇರಬೇಕು.

ಮೇಲೆ ಹೇಳಿದ್ದನ್ನು ಪೇದೆಯವರು ನನಗೆ ಓದಿ ಹೇಳಿದರು, ಅಣ್ಣನೂ ಪಕ್ಕದಲ್ಲಿ ಕುಳಿತು ಕೇಳಿ ತಲೆಯಾಡಿಸಿದನು. ನಾನು ಕಂಡಂತೆ, ನಡೆದಂತೆ ಇದೆಲ್ಲವೂ ಸತ್ಯ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಭಾನುವಾರ, ಮಧ್ಯಾಹ್ನ 3 ಗಂಟೆ 50 ನಿಮಿಷ
ಸಹಿ: (ಟೈಲರಕ್ಕ)