ಹಳ್ಳದ ಮರಳಿನಲ್ಲಿ ತೆಗೆದ ಪಾದದ ಅಚ್ಚಿನ ವಿಚಾರ

ನನ್ನ ಹೆಸರು ದಾಕ್ಷಾಯಿಣಿ ಕೋಂ ಮಹಾಂತೇಶ್, ವಯಸ್ಸು 31 ವರ್ಷ, ಉದ್ಯೋಗ: ಪರಿಸರ ಕಲಿಕಾ ಕೇಂದ್ರದಲ್ಲಿ ಶಿಕ್ಷಕಿ, ವಾಸ: ಸಿದ್ದಾಪುರ, ಮೊಳಕಾಲ್ಮೂರು ತಾಲ್ಲೂಕು. ರಾಂಪುರ ಪೊಲೀಸ್ ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ಹೇಳಿ ಬರೆಸುತ್ತಿರುವುದೇನೆಂದರೆ:

ಸದರಿ ಕೇಂದ್ರವನ್ನು ಊರಿನವರೇ ಸೇರಿ ನಡೆಸುತ್ತಿದ್ದೇವೆ. ಚಳಿಗಾಲದ ಭಾನುವಾರಗಳಲ್ಲಿ ಮೊಳಕಾಲ್ಮೂರಿನ ನೇಕಾರರ ಮಕ್ಕಳು ಬರುತ್ತಾರೆ. ನಿನ್ನೆ ಚಳಿಯಲ್ಲಿ ಅಷ್ಟು ಬೆಳಗ್ಗೆ ಮಕ್ಕಳನ್ನು ಗುಡ್ಡಕ್ಕೆ ಏಕೆ ಕರೆದೊಯ್ದಿರಿ ಎಂದು ಹಳ್ಳಿಯಲ್ಲೂ ಕೇಳಿದರು, ಮನೆಯಲ್ಲೂ ಕೇಳಿದರು, ಠಾಣೆಯಲ್ಲೂ ಕೇಳಿದರು. ಮತ್ತೊಮ್ಮೆ ಹೇಳುತ್ತೇನೆ. ಈ ತಿಂಗಳಲ್ಲಿ ಎಲಚಿ ಹಣ್ಣಾಗುತ್ತದೆ. ಅದನ್ನು ತಿನ್ನಲು ಕರಡಿ ಹಳ್ಳಕ್ಕೆ ಇಳಿಯುತ್ತದೆ. ಇಬ್ಬನಿಗೆ ಮರಳು ಒದ್ದೆಯಾಗಿರುವುದರಿಂದ ಹೆಜ್ಜೆ ಚೆನ್ನಾಗಿ ಮೂಡಿರುತ್ತದೆ. ಬಿಸಿಲೇರಿದರೆ ಉದುರಿಹೋಗುತ್ತದೆ. ಮಧ್ಯಾಹ್ನ ಹೋಗಿ ಪ್ರಯೋಜನವಿಲ್ಲ.

ಹೋದ ವಾರ ಗುಡ್ಡದ ಕೆಳಗಿನ ಹಳ್ಳಿಯವರ ದೇವರ ಕಲ್ಲಿನ ಬುಡವನ್ನು ಯಾರೋ ನಿಧಿಗಾಗಿ ಅಗೆದಿದ್ದರು. ಇದು ನನಗೂ ಗೊತ್ತಿತ್ತು. ಆದ್ದರಿಂದಲೇ ಶುಕ್ರವಾರ, ಕೇಂದ್ರಕ್ಕೆ ದಿನವೂ ಹಾಲು ತರುವ ಅದೇ ಹಳ್ಳಿಯ ಓಬಳಪ್ಪನಿಗೆ, ಭಾನುವಾರ ಮಕ್ಕಳೊಂದಿಗೆ ಬರುತ್ತೇನೆ, ಊರಿನಲ್ಲಿ ತಿಳಿಸಿಬಿಡು ಎಂದು ಹೇಳಿದೆನು. ಆತ ಆಗಲಿ ಎಂದನು.

ಭಾನುವಾರ ಬೆಳಗ್ಗೆ 7 ಗಂಟೆಗೆ ಹಳ್ಳದಲ್ಲಿ ಕರಡಿಯ ಹಿಂಗಾಲಿನ ಹೆಜ್ಜೆ ಸಿಕ್ಕಿತು. ವೆಂಕಟಪ್ಪ ಎಂಬ ನೇಕಾರರ ಮಗಳು ರಂಜಿತಾ, 10 ವರ್ಷ, ಅದರೊಳಗೆ ಬಿದ್ದಿದ್ದ ಕಸವನ್ನು ಊದಲು ಮರಳಿನ ಮೇಲೆ ಬೋರಲು ಮಲಗಿದಳು. ಅವಳು ಏಳುವುದರೊಳಗೆ ನಾನು ಅಚ್ಚು ತೆಗೆಯಲು ಹೆಜ್ಜೆಯ ಸುತ್ತ ರಟ್ಟು ನಿಲ್ಲಿಸಿ, ಗಣಪತಿ ಮಾಡಲು ಬಳಸುವ ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಸುರಿಯುತ್ತಿದ್ದೆನು. ದಿಬ್ಬದ ಮೇಲೆ ಬಂದ ಹಳ್ಳಿಯವರಿಗೆ ಕಂಡದ್ದು ಇದು: ಮಲಗಿಸಿದ ಹೆಣ್ಣುಮಗು, ಬಿಳಿ ಪುಡಿ, ಪಕ್ಕದಲ್ಲಿ ಸಣ್ಣ ಗುದ್ದಲಿ.

ನಿಧಿಗೆ ಬಲಿ ಕೊಡುವವಳು ಎಂದು ಕೂಗುತ್ತಾ ಇಳಿದು ಬಂದರು. ಕಲಿಸುವುದಕ್ಕೆ ಬಂದಿದ್ದೇನೆ ಎಂದೆನು. ಕರಡಿ ಹೆಜ್ಜೆಯಲ್ಲಿ ಕಲಿಯುವುದು ಏನಿದೆ ಎಂದು ಕೇಳಿದರು. ಉತ್ತರ ಹೇಳುತ್ತಿರುವಾಗಲೇ ಆಡು ಕಟ್ಟುವ ಹಗ್ಗದಿಂದ ಕೈ ಕಟ್ಟಿ, ಊರೊಳಗಿನ ಬೇವಿನ ಕಟ್ಟೆಯ ಮೇಲೆ ಕೂರಿಸಿದರು. ಮಕ್ಕಳನ್ನು ಹುಚ್ಚಕ್ಕ ಎಂಬ ಮುದುಕಿಯ ಮನೆಯಲ್ಲಿ ಕೂಡಿಹಾಕಿದರು. ಅವರು ಅಳುವುದು ನನಗೆ ಕೇಳುತ್ತಿತ್ತು. ಪೊಲೀಸರನ್ನು ಕರೆಸಿರಿ ಎಂದು ನಾನೇ ಕೇಳಿಕೊಂಡೆನು. ಯಾರೂ ಹೋಗಲಿಲ್ಲ.

ಗುಂಪಿನಲ್ಲಿ ಓಬಳಪ್ಪ ನಿಂತಿದ್ದನು. ಈತ ನನ್ನನ್ನು ಬಲ್ಲ, ಕೇಳಿರಿ ಎಂದೆನು. ಎಲ್ಲರೂ ಅವನ ಕಡೆಗೆ ತಿರುಗಿದರು. ಆತ ನನ್ನ ಮುಖ ನೋಡಿ, "ನಾ ಕಂಡಿಲ್ಲ ಈಯಮ್ಮನ್ನ" ಎಂದನು. ಆ ಹೊತ್ತಿನ ತನಕ ನನಗೆ ಭಯವಾಗಿರಲಿಲ್ಲ.

ಊರ ಹಿರಿಯರಾದ ಜಂಬುಲಿಂಗಪ್ಪನವರು ಸಾಕ್ಷಿಗೆ ಬೇಕೆಂದು ಹಳ್ಳದಲ್ಲಿ ಸುರಿದಿದ್ದನ್ನು ಕಿತ್ತು ತರಿಸಿದರು. ಅಷ್ಟರಲ್ಲಿ ಅದು ಗಟ್ಟಿಯಾಗಿತ್ತು. ಟವೆಲ್ಲಿನಿಂದ ಮರಳು ಒರೆಸಿದಾಗ ಹಿಮ್ಮಡಿ, ಅಂಗಾಲು, ಐದು ಬೆರಳು ಕಂಡವು. ಕರಡಿಯ ಹಿಂಗಾಲು ಮನುಷ್ಯರ ಪಾದವನ್ನೇ ಹೋಲುತ್ತದೆ. ಈ ಪಾಠವನ್ನು ಮಕ್ಕಳಿಗೆ ಮಾಡಬೇಕೆಂದೇ ನಾನು ಹೋಗಿದ್ದು. ಯಾವ ಮಗುವಿನ ಕಾಲಿದು ಎಂದು ಜಂಬುಲಿಂಗಪ್ಪನವರು ಕೇಳಿದರು. ಒಬ್ಬರು ಕೋಲು ಎತ್ತಿದರು. ಉಗುರು ನೋಡಿರಿ, ಉಗುರು ನೋಡಿರಿ ಎಂದು ನಾನು ಎಷ್ಟು ಬಾರಿ ಹೇಳಿದೆನೋ ಲೆಕ್ಕವಿಲ್ಲ. ಕೈ ಕಟ್ಟಿದ್ದರಿಂದ ತೋರಿಸಲು ಆಗಲಿಲ್ಲ.

ಗಲಾಟೆ ಕೇಳಿ ಹುಚ್ಚಕ್ಕ ಬಾಗಿಲು ತೆಗೆದಿದ್ದಾರೆ. ರಂಜಿತಾ ಹೊರಗೆ ಓಡಿಬಂದು, ಚಪ್ಪಲಿ ಬಿಟ್ಟು, ತನ್ನ ಕಾಲನ್ನು ಆ ಅಚ್ಚಿನ ಪಕ್ಕಕ್ಕೆ ಇಟ್ಟಳು. "ನೋಡ್ರಿ ತಾತ, ಇಂಥ ಉಗುರು ನನ್ ಕಾಲಿಗೆ ಐತಾ? ಕರಡಿದು ಇದು" ಎಂದಳು. ಜಂಬುಲಿಂಗಪ್ಪನವರು ಬಗ್ಗಿ ಎರಡನ್ನೂ ನೋಡಿದರು. ಆಮೇಲೆ ನಕ್ಕರು. ಅವರು ನಕ್ಕಿದ್ದಕ್ಕೆ ಊರೆಲ್ಲ ನಕ್ಕಿತು. ನನ್ನ ಹಗ್ಗ ಬಿಚ್ಚುವ ಮೊದಲೇ, "ನಮ್ಮೂರ ಹುಡುಗ್ರನ್ನೂ ಕರ್ಕಂಡು ಹೋಗ್ರಿ ಮೇಡಂ, ಸುಮ್ನೆ ತಿರುಗ್ತಾವೆ" ಎಂದರು. ನನಗೆ ನಗು ಬರಲಿಲ್ಲ.

ಸುದ್ದಿ ತಿಳಿದು ಪೋಷಕರು ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ವೆಂಕಟಪ್ಪನವರು ಹಳ್ಳಿಯವರನ್ನು ಒಂದು ಮಾತೂ ಅನ್ನಲಿಲ್ಲ. ಇನ್ನು ಮುಂದೆ ಭಾನುವಾರ ತಮ್ಮ ಮಗಳು ಮನೆಯಲ್ಲೇ ನೂಲು ಸುತ್ತಲಿ ಎಂದು ನನಗೆ ಹೇಳಿ, ಅವಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡರು. ಅಚ್ಚನ್ನು ಅವಳ ಕೈಗೆ ಕೊಡಲು ಹೋದೆನು. ಬೇಡವೆಂದರು.

ಈ ದಿನ ಬೆಳಗ್ಗೆ ಓಬಳಪ್ಪ ಎಂದಿನಂತೆ ಹಾಲು ತಂದು ಬಾಗಿಲಲ್ಲಿ ನಿಂತನು. ಊರಿನಲ್ಲಿ ಏಕೆ ತಿಳಿಸಲಿಲ್ಲ ಎಂದು ಕೇಳಿದೆನು. "ಮರ್ತೆ ಮೇಡಂ. ಆಮೇಲೆ ಹೇಳಿದ್ರೆ ನನ್ನೂ ಕಟ್ಟಿ ಹಾಕ್ತಿದ್ರು" ಎಂದನು. ಪಾತ್ರೆ ತಂದು ಹಾಲು ಹಾಕಿಸಿಕೊಂಡೆನು.

ನನಗೆ ಯಾರ ಮೇಲೂ ಕೇಸು ಬೇಡ. ಬರುವ ಭಾನುವಾರ ಅದೇ ಹಳ್ಳಕ್ಕೆ ಮತ್ತೆ ಹೋಗುತ್ತೇನೆ. ಬರುತ್ತೇವೆ ಎಂದಿರುವ ಮಕ್ಕಳು ಇಬ್ಬರೇ. ಇಬ್ಬರೂ ನನ್ನನ್ನು ಕಟ್ಟಿಹಾಕಿದ ಊರಿನವರು, ಹುಚ್ಚಕ್ಕನ ಮೊಮ್ಮಕ್ಕಳು. ಆ ದಿನ ನನ್ನ ಜೊತೆಗೆ ಒಬ್ಬ ಪೇದೆಯನ್ನು ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಅವರು ದಯವಿಟ್ಟು ಬೂಟು ಕಳಚಿ ಹಳ್ಳಕ್ಕೆ ಇಳಿಯಬೇಕು. ಇಲ್ಲದಿದ್ದರೆ ಹೆಜ್ಜೆಗಳು ಕೆಡುತ್ತವೆ.

ಮೇಲೆ ಬರೆಸಿದ್ದೆಲ್ಲ ನಡೆದದ್ದೇ. ಓದಿ ಹೇಳಿದ್ದನ್ನು ಕೇಳಿ, ನನ್ನ ಮಾತೇ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ರಾಂಪುರ
ದಿನಾಂಕ: 13-01-2003
ಸಹಿ: ದಾಕ್ಷಾಯಿಣಿ