ಮೂರು ತಿಂಗಳ ಸಕ್ಕರೆ

ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಶ್ರೀಪಾದರಾಯರು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಹೆಂಡತಿ ಸಕ್ಕರೆ ಕಾಯಿಲೆಯಿಂದ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಅತ್ತೆ ಸೊಸೆ ಮೆಲ್ಲಗೆ ಮಾತಾಡುತ್ತಿದ್ದರು.

“ಮಾತ್ರೆ ದಿನಾ ತಗೊಂಡೆ ಅಂತ ಹೇಳ್ಬಿಡ್ತೀನಿ ಕಣೇ.”

“ನಡೆಯಲ್ಲ ಅತ್ತೆ. ಈ ಸಲ ಮಾಡ್ಸಿರೋದು ಮೂರು ತಿಂಗಳ ಸಕ್ಕರೆ ತೋರ್ಸೋ ಟೆಸ್ಟು. ನೀವು ಕೊನೇ ಮೂರೇ ದಿನ ಮಾತ್ರೆ ನುಂಗಿದ್ದು ಗೊತ್ತಾಗೋಗತ್ತೆ.”

“ಪಾರ್ಕಿನ ಹತ್ರ ಜ್ಯೂಸ್ ಮಾರೋನು ಹೇಳಿದ್ನಲ್ಲ, ನೆಲ್ಲಿಕಾಯೀಲಿ ಆಂಟಿಆಕ್ಸಿಡೆಂಟ್ ಇದೆ, ರಕ್ತದ ತುಕ್ಕೆಲ್ಲ ತೊಳೆಯತ್ತೆ, ಮಾತ್ರೆ ಯಾಕೆ ಅಂತ.”

“ಅವನೇನು ಡಾಕ್ಟ್ರಾ? ಸಕ್ಕರೆ ಇಳೀದಿದ್ರೆ ಆ ತುಕ್ಕು ಹಿಡೀತಾನೇ ಇರತ್ತೆ. ನೆಲ್ಲಿಕಾಯಿ ಧಾರಾಳವಾಗಿ ತಿನ್ನಿ, ಮಾತ್ರೆ ಬಿಡ್ಬೇಡಿ.”

“ಬೈತಾರೆ ಕಣೇ.”

“ಬೈಲಿ. ಕಾಲಿನ ಜೋಮು ಮಂಡಿವರೆಗೂ ಬಂದಿದೆ, ಅದನ್ನೂ ಹೇಳಿ.”

ಒಳಗಿನಿಂದ ಅಮ್ಮಣ್ಣಿ ಎಂದು ಹೆಸರು ಕೂಗಿದರು.

“ನಾನೇ ಹೇಳ್ತೀನಿ ಸಂಹಿತಾ. ನೀನು ಪಕ್ಕದಲ್ಲಿ ನಿಂತ್ಕೋ.”

ಸೊಸೆಯ ಕೈ ಹಿಡಿದುಕೊಂಡು ಅಮ್ಮಣ್ಣಿ ಒಳಗೆ ಹೋದರು. ರಾಯರು ಕಣ್ಣು ಮುಚ್ಚಿ ಶ್ರೀಹರಿಯನ್ನು ನೆನೆದರು. ಅವರ ಹೆಂಡತಿ ಪ್ರತಿ ಸಲವೂ ಅದೇ ಬಾಗಿಲಿನಿಂದ ಒಬ್ಬಳೇ ಒಳಗೆ ಹೋಗುತ್ತಿದ್ದಳು; ರಾಯರು ಹೊರಗೆ ಕುಳಿತು ಪೇಪರು ಓದುತ್ತಿದ್ದರು.